ರಾಣಿ ಕೆಳಗಿಳಿದು ಬಂದ ಸಂಜೆ

ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ಏನೋ ಕಾರ್ಯಕ್ರಮ. ರಟ್ಟಿನ ಕಿರೀಟ ಬೇಕೆಂದು ಹಟ ಹಿಡಿದಳು. ಮನೆಯಲ್ಲಿದ್ದ ಗಮ್ಮು ಒಣಗಿ ಕಲ್ಲಾಗಿತ್ತು. ಒಂದು ಚಮಚ ಮೈದಾಕ್ಕೆ ನೀರು ಬೆರೆಸಿ ಸಣ್ಣ ಉರಿಯಲ್ಲಿ ತಿರುವತೊಡಗಿದೆ. ಹಿಟ್ಟು ಬೆಂದು ಅಂಟಾಗುವ ಹೊತ್ತಿಗೆ ಒಂದು ಸಪ್ಪೆ ವಾಸನೆ ಏಳುತ್ತದಲ್ಲ, ಹಸಿಯದೂ ಅಲ್ಲ, ಬೆಂದದ್ದೂ ಅಲ್ಲ... ಕೈ ಹಾಗೆಯೇ ನಿಂತಿತು. ಚಿತ್ರದುರ್ಗದ ನಮ್ಮ ಕಾನ್ವೆಂಟಿನ ಉದ್ದನೆಯ ವರಾಂಡ, ನೆಲದ ತುಂಬ ಬೇಗಡೆ ಕಾಗದ, ಕತ್ತರಿ ಹಿಡಿದು ಮಂಡಿಯೂರಿ ಕೂತ ಹಿಸ್ಟರಿ ಮಿಸ್. ಒಲೆಯ ಮೇಲಿನದು ತಳ ಹಿಡಿದದ್ದೂ ನನಗೆ ತಿಳಿಯಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಏಳನೇ ಕ್ಲಾಸು. ಮಿಸ್‌ಗೆ ಆಗ ಮೂವತ್ತರ ಆಸುಪಾಸು ಇರಬಹುದು. ಗಂಜಿ ಹಾಕಿದ ಹತ್ತಿ ಸೀರೆ, ಭುಜದ ಹತ್ತಿರ ಒಂದು ಸಣ್ಣ ಪಿನ್ನು. ಬೆರಳಿಗೆ ಪುಡಿ ಹತ್ತಬಾರದೆಂದು ಸೀಮೆಸುಣ್ಣದ ತುದಿಗೆ ಕಾಗದ ಸುತ್ತಿಕೊಳ್ಳುತ್ತಿದ್ದರು. ನಮ್ಮ ಹಿತ್ತಲಲ್ಲಿದ್ದ ಎರಡು ಕೋಣೆಯ ಮನೆಯಲ್ಲೇ ಅವರು ಬಾಡಿಗೆಗಿದ್ದರು. ಮನೆ ನಮ್ಮ ಅಜ್ಜಿಯದು. ಬಾಡಿಗೆಯವರ ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂಬುದನ್ನೂ ಅಜ್ಜಿಯೇ ತೀರ್ಮಾನಿಸುತ್ತಿದ್ದರು. ಮಿಸ್ ಜೊತೆಗೆ ಅವರ ತಾಯಿ ಇದ್ದಾರೆ, ಅವರಿಗೆ ವಾತ, ಹೊರಗೆ ಬರುವುದಿಲ್ಲ ಎಂದಷ್ಟೇ ನಮಗೆಲ್ಲ ಗೊತ್ತಿದ್ದದ್ದು.

ನಮ್ಮ ಪಾಠದಲ್ಲಿ ಇಂಗ್ಲೆಂಡಿನ ಹೆನ್ರಿ ಎಂಬ ಹಳೆಯ ರಾಜನ ಕಥೆಯಿತ್ತು. ಅವನ ಯುದ್ಧಗಳಿಗೆ ಎರಡು ಪುಟ. ಹೆಂಡತಿಗೆ ಅರ್ಧ ಸಾಲು. ಮಿಸ್ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

“ಸ್ಕಾಟ್ಲೆಂಡಿನ ರಾಜಕುಮಾರಿಯನ್ನು ಮದುವೆಯಾದನು. ಸರಿ. ಆಮೇಲೆ ಆಕೆ ಏನ್ ಮಾಡಿದ್ಲು? ಅಷ್ಟೂ ವರ್ಷ ಸುಮ್ನೆ ಕೂತಿದ್ಲಾ?”

ಆಕೆಯ ಹೆಸರು ಮಟಿಲ್ಡಾ. ನಿಮ್ಮ ಹಾಗೇ ಕಾನ್ವೆಂಟಿನಲ್ಲಿ ಓದಿದವಳು ಎಂದಾಗ ನಾವೆಲ್ಲ ನೆಟ್ಟಗೆ ಕೂತೆವು. ಮಠದಲ್ಲಿ ಸನ್ಯಾಸಿನಿಯಾಗಿದ್ದ ದೊಡ್ಡಮ್ಮ ಹುಡುಗಿಯ ತಲೆಗೆ ಬಲವಂತವಾಗಿ ಸನ್ಯಾಸಿನಿಯರ ಮುಸುಕು ಹೊದಿಸುತ್ತಿದ್ದಳಂತೆ. ದೊಡ್ಡಮ್ಮ ಆಚೆ ಹೋದ ಕೂಡಲೇ ಹುಡುಗಿ ಅದನ್ನು ಕಿತ್ತೆಸೆದು ತುಳಿಯುತ್ತಿದ್ದಳಂತೆ. ರಾಜ ಹೆಣ್ಣು ಕೇಳಿದಾಗ, ಮುಸುಕು ಹೊದ್ದವಳಿಗೆ ಮದುವೆಯೇ ಎಂದು ಜನ ಆಡಿಕೊಂಡರು. ಆಕೆ ಧರ್ಮಗುರುಗಳ ಮುಂದೆ ತಾನೇ ನಿಂತು ನಡೆದದ್ದನ್ನು ಹೇಳಿ ಗೆದ್ದಳು. ಗಂಡ ಕಡಲಾಚೆ ಹೋದಾಗ ರಾಜ್ಯ ನೋಡಿಕೊಂಡಳು. ಆಸ್ಥಾನದ ದೊಡ್ಡವರು ಗಂಡ ಹೆಂಡತಿ ಇಬ್ಬರಿಗೂ ಹಳ್ಳಿಯವರ ಹೆಸರಿಟ್ಟು ನಗುತ್ತಿದ್ದರಂತೆ. ಒಮ್ಮೆ ಹೊಳೆ ದಾಟುವಾಗ ನೀರಿಗೆ ಬಿದ್ದು ಬದುಕಿದ ಮೇಲೆ ಅಲ್ಲಿ ಕಲ್ಲಿನ ಸೇತುವೆ ಕಟ್ಟಿಸಿದಳು ಎಂದು ಜನ ಹೇಳುತ್ತಾರೆ. ಹಿರಿಯೂರಿನ ಹೊಳೆ ಬಂದಾಗ ಈಚೆ ದಡದಲ್ಲೇ ಗಂಟೆಗಟ್ಟಲೆ ನಿಂತು ಗೊತ್ತಿದ್ದ ಹಾಸ್ಟೆಲಿನ ಹುಡುಗಿಯರು “ಅಬ್ಬಾ” ಎಂದರು.

ಕೊನೆಗೆ ಮಿಸ್ ದನಿ ತಗ್ಗಿಸಿದರು. ಊರಿನವರು ಹೊರಗಟ್ಟಿದ್ದ ಕುಷ್ಠರೋಗಿಗಳನ್ನು ಆ ರಾಣಿ ತನ್ನ ಕೋಣೆಗೇ ಕರೆಸಿಕೊಳ್ಳುತ್ತಿದ್ದಳಂತೆ. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಅವರ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಿದ್ದಳಂತೆ. ಅದನ್ನು ಕಂಡ ಆಕೆಯ ತಮ್ಮನೇ ಹೆದರಿದನಂತೆ. ಅವರಿಗಾಗಿ ಆಸ್ಪತ್ರೆಯನ್ನೂ ಕಟ್ಟಿಸಿದಳು. ಹೇಳಿ ಮುಗಿಸಿ ಮಿಸ್ ಕಿಟಕಿಯ ಕಡೆ ತಿರುಗಿ ನಿಂತರು. ಬೆಲ್ ಹೊಡೆದರೂ ನಾವು ಯಾರೂ ಏಳಲಿಲ್ಲ.

ಇದಾದ ಕೆಲವು ದಿನಕ್ಕೆ ನಮ್ಮ ಮನೆಯಲ್ಲಿ ಹಬ್ಬ. ಮಿಸ್ ಮನೆಗೆ ಹೋಳಿಗೆ ಕೊಟ್ಟು ಬಾ ಎಂದು ಅಮ್ಮ ಕಳಿಸಿದರು. ಬಾಗಿಲು ತೆರೆದಿತ್ತು. ಮೊದಲು ಕಂಡದ್ದು ಒಂದು ಜೊತೆ ಚಪ್ಪಲಿ. ದಪ್ಪ ಕಪ್ಪು ರಬ್ಬರು, ಹಿಮ್ಮಡಿಗೂ ಪಟ್ಟಿ ಹೊಲಿದಿತ್ತು. ಅಂಥ ಚಪ್ಪಲಿಯನ್ನು ನಾನು ಎಲ್ಲೂ ನೋಡಿರಲಿಲ್ಲ. ಆಮೇಲೆ ಒಳಗೆ ಮೊರದ ಮುಂದೆ ಕೂತಿದ್ದ ಮಿಸ್ ಅಮ್ಮ ಕಂಡರು. ಬೆರಳುಗಳು ಮಡಚಿ ಗಿಡ್ಡವಾಗಿದ್ದವು. ಅಂಗೈಯ ಅಂಚಿನಿಂದಲೇ ಅವರೆಕಾಳನ್ನು ಎಷ್ಟು ಚೆನ್ನಾಗಿ ಬೇರೆ ಮಾಡುತ್ತಿದ್ದರು! ನನ್ನನ್ನು ಕಂಡವರೇ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಮಿಸ್ ಮುಖ ಬಿಳಿಚಿತು. ಆದರೂ, “ಒಳಗೆ ಬಾ, ನಮ್ಮಮ್ಮ” ಎಂದರು. ನನ್ನನ್ನು ಕೂರಿಸಿ, ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು. ರೋಗ ವಾಸಿಯಾಗಿ ಬಹಳ ವರ್ಷವಾಯಿತು. ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಆದರೂ ಹಿರಿಯೂರಿನಲ್ಲಿ ಬಾಡಿಗೆ ಮನೆಯ ಮಾಲೀಕರು ಇವರ ಪಾತ್ರೆ ಪಗಡೆಯನ್ನು ರಸ್ತೆಗೆ ಇಟ್ಟಿದ್ದರು.

“ಈ ಮನೆಯೂ ಹೋದ್ರೆ ಅಮ್ಮನ್ನ ಮತ್ತೆ ಆಸ್ಪತ್ರೆ ಕಾಲೊನಿಗೇ ಬಿಡಬೇಕಾಗ್ತದೆ. ಅಲ್ಲಿಂದ ಕರ್ಕೊಂಡು ಬರೋಕೆ ನಾನು ಓದಿ ಕೆಲಸ ಹಿಡಿಬೇಕಾಯ್ತು.”

ಯಾರಿಗೂ ಹೇಳಬೇಡ ಎಂಬ ಮಾತನ್ನು ಅವರು ಆಡಲೇ ಇಲ್ಲ. ಹೋಳಿಗೆಯ ತಟ್ಟೆಯನ್ನು ತೊಳೆದು, ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು. ನಾನು ಅಮ್ಮನಿಗೆ ಮಾತ್ರ ಹೇಳಿದೆ. ಅಮ್ಮ, “ಅಜ್ಜಿ ಕಿವಿಗೆ ಬೀಳದಂಗೆ ನೋಡ್ಕ” ಎಂದರು. ಅಜ್ಜಿಯ ವಿಷಯ ನಮಗೆ ಗೊತ್ತಿತ್ತು. ಮಠದ ಅಯ್ಯನವರು ಬಂದಾಗ ಹಿತ್ತಾಳೆ ತಟ್ಟೆಯಲ್ಲಿ ಅವರ ಪಾದ ತೊಳೆದು, ಆ ಪಾದೋದಕವನ್ನು ತಲೆಗೆ ಚಿಮುಕಿಸಿಕೊಂಡು, ಮೂರು ಬೆರಳಲ್ಲಿ ಬಾಯಿಗೆ ತೆಗೆದುಕೊಂಡ ಮೇಲೇ ಅವರ ಊಟ. ಅಂಥವರು ಕುಷ್ಠ, ಮಹಾರೋಗ ಎಂಬ ಮಾತು ಕೇಳಿದರೆ...

ಆ ವರ್ಷದ ಸ್ಕೂಲ್ ಡೇಗೆ ಮಿಸ್ ರಾಣಿಯ ನಾಟಕವನ್ನೇ ಬರೆದರು, ಅದೂ ಕನ್ನಡದಲ್ಲಿ. ಮಂಗಳೂರು ಕಡೆಯವರಾಗಿದ್ದ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಓದಿ ನೋಡಿ ತಲೆಯ ಮೇಲಿನ ಮುಸುಕನ್ನು ಮುಟ್ಟಿಕೊಂಡರು. “ಎಂತ ಹೇಳ್ತೀರಿ ಮಿಸ್ ನೀವು? ಮುಸುಕು ತುಳಿಯುವುದಾ? ನಮ್ಮ ಸ್ಟೇಜಿನಲ್ಲಿ? ನಾನು ಎಲ್ಲಿ ಕೂತು ನೋಡ್ಲಿ ಅದನ್ನು?” ಆ ದೃಶ್ಯ ಹೋಯಿತು. ಹೊಳೆ ಮತ್ತು ಕಾಲು ತೊಳೆಯುವ ದೃಶ್ಯಗಳು ಉಳಿದವು. ತುರುವನೂರಿನ ಒಬ್ಬ ಎತ್ತರದ ಹುಡುಗಿ ರಾಣಿ. ನಾನು ರೋಗಿಗಳಲ್ಲಿ ಒಬ್ಬಳು. ನಾಟಕಕ್ಕೆ ಬೇಕೆಂದು ಮಿಸ್ ತಟ್ಟೆ ಕೇಳಿದಾಗ ಅಜ್ಜಿ, “ಕಾಲು ತೊಳಿಯೋಕೆ ತಾನೆ? ಪಾದದ ತಟ್ಟೇನೇ ತಗಂಡೋಗು. ಹುಳಿ ಹಾಕಿ ಬೆಳಗಿ ವಾಪಸ್ ಕೊಡು” ಎಂದರು.

ಸಂಜೆಯ ಬಿಸಿಲು ಇನ್ನೂ ಇತ್ತು. ಶಾಮಿಯಾನದ ಕೆಳಗೆ ಊರಿನವರಿಗೆ ಕುರ್ಚಿ, ಹಿಂದೆ ಜಮಖಾನ. ಹಾಸ್ಟೆಲಿನ ಹುಡುಗಿಯರನ್ನು ನೋಡಲು ಹಟ್ಟಿಗಳಿಂದ ಬಂದ ಹೆಂಗಸರು ಪಕ್ಕದ ಬೆಂಚುಗಳ ಮೇಲೆ ಒತ್ತಾಗಿ ಕೂತಿದ್ದರು. ಆ ಸಾಲಿನ ತುದಿಯಲ್ಲಿ, ಶಾಲು ಹೊದ್ದು, ಮಿಸ್ ಅಮ್ಮ! ಮಗಳ ನಾಟಕ ಒಂದು ಸಲ ನೋಡಬೇಕೆಂದು ಕೇಳಿಕೊಂಡಿದ್ದರಂತೆ. ಗುರುತಿಲ್ಲದ ಹೆಂಗಸರ ನಡುವೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಮಿಸ್ ಅಲ್ಲಿ ಕೂರಿಸಿದ್ದರು.

ಹೊಳೆಯ ದೃಶ್ಯ ಚೆನ್ನಾಗಿಯೇ ಆಯಿತು. ಪರದೆ ಎಳೆದದ್ದೇ ತಡ, ರಾಣಿ ಪಾರ್ಟಿನ ಹುಡುಗಿಯ ಅಜ್ಜಿ ಹಿಂದಿನಿಂದ ಸ್ಟೇಜಿಗೆ ಹತ್ತಿ ಬಂದರು.

“ಏನ್ರೀ ಟೀಚರಮ್ಮ, ಮನೆಗೆ ಬಂದ ಹೆಣ್ಮಕ್ಕಳ ಕಾಲು ನಾವೇ ತೊಳಿತೀವಿ. ನಮ್ಮುಡುಗಿ ಕೈಲಿ ಕಂಡೋರ ಕಾಲು ತೊಳಸ್ತೀರಂತೆ? ರಾಣಿ ಪಾರ್ಟು ಅಂದಿದ್ಕೆ ಹೊಸಾ ಸೀರಿ ತಂದೆ. ಇದ್ಯಾವ ಸೀಮೆ ರಾಣಿರೀ?”

“ಇದೇ ರಾಣಿ ಅಮ್ಮ” ಎಂದು ಮಿಸ್ ನಕ್ಕರು. ಆಕೆ ನಗಲಿಲ್ಲ. ಮೊಮ್ಮಗಳ ತಲೆಯಿಂದ ಕಿರೀಟ ತೆಗೆದು ಮಿಸ್ ಕೈಗೆ ಕೊಟ್ಟು ಅವಳನ್ನು ಕರೆದುಕೊಂಡು ಹೋಗಿಯೇ ಬಿಟ್ಟರು. ಹೊರಗೆ ಜನ ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಮಿಸ್ ಕಿರೀಟವನ್ನು ತಮ್ಮ ತಲೆಗೇ ಇಟ್ಟುಕೊಂಡರು.

ಪರದೆ ಸರಿಯಿತು. ಮೈಗೆಲ್ಲ ರಾಗಿಹಿಟ್ಟು ಮೆತ್ತಿಕೊಂಡು ನಾವು ಕಾಲು ಚಾಚಿ ಕೂತಿದ್ದೆವು. ಮಿಸ್ ನೀರಿನ ತಂಬಿಗೆ, ತಟ್ಟೆ ಹಿಡಿದು ಬಂದರು. ನಮ್ಮ ಕಾಲುಗಳನ್ನು ನೋಡಿದರು. ಹತ್ತು ಬೆರಳೂ ನೆಟ್ಟಗಿದ್ದ, ಹಿಟ್ಟು ಬಳಿದ ಕಾಲುಗಳು... ತಲೆಯೆತ್ತಿ ಬೆಂಚಿನ ತುದಿಯನ್ನು ನೋಡಿದರು. ಆಮೇಲೆ ಪಕ್ಕದ ಮೆಟ್ಟಿಲಿಳಿದು ನಡೆದೇ ಬಿಟ್ಟರು. ನಾವು ಚಾಚಿದ ಕಾಲನ್ನು ಹಿಂದಕ್ಕೆಳೆಯುವುದನ್ನೂ ಮರೆತು ನೋಡುತ್ತಿದ್ದೆವು.

“ಬ್ಯಾಡ ಮಗ, ಬ್ಯಾಡ. ಜನ ಅವ್ರೆ” ಎಂದು ಅವರಮ್ಮ ಅಂದದ್ದು ಸ್ಟೇಜಿಗೂ ಕೇಳಿಸಿತು. ಅಷ್ಟು ನಿಶ್ಶಬ್ದ. ಮಿಸ್ ನೆಲದ ಮೇಲೆ ಕೂತು ಆ ರಬ್ಬರ್ ಚಪ್ಪಲಿಯ ಪಟ್ಟಿ ಬಿಚ್ಚಿದರು. ಬೆರಳುಗಳಿಲ್ಲದ ಪಾದಗಳನ್ನು ಒಂದೊಂದಾಗಿ ತಟ್ಟೆಯಲ್ಲಿಟ್ಟು ನೀರು ಹಾಕಿದರು. ಅವಸರವೇ ಇರಲಿಲ್ಲ. ಸೆರಗಿನಿಂದ ಒರೆಸಿ, ಬಾಗಿ ಕಣ್ಣಿಗೊತ್ತಿಕೊಂಡರು. ಆ ತಾಯಿ ಕೈಯೆರಡನ್ನೂ ಶಾಲಿನಿಂದ ಹೊರಗೆ ತೆಗೆದು ಮಗಳ ತಲೆಯ ಮೇಲಿಟ್ಟರು. 

ಕುರ್ಚಿಗಳ ಸಾಲಿನಲ್ಲಿ ಪಿಸುಮಾತು ಶುರುವಾಯಿತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹಟ್ಟಿಯ ಮುದುಕಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದವಳು, ಧಡಕ್ಕನೆ ಎದ್ದು ಕೈ ಮುಗಿದಳು.

“ಯಾವ ಮಠದ ತಾಯವ್ವ ನೀನು? ಹೇಳ್ದೆ ಕೇಳ್ದೆ ನಮ್ಮ ಮಗ್ಗುಲಾಗೆ ಬಂದು ಕುಂತಿದ್ದೀಯಲ್ಲ! ನಾನು ಆಗ್ಲಿಂದ ಸರಿ ಸರಿ ಅಂತ ಮೊಣಕೈಲಿ ತಿವಿದೆ. ತಪ್ಪಾತು!”

ತಟ್ಟೆಯ ನೀರಿಗೆ ಬೆರಳದ್ದಿ ತನ್ನ ತಲೆಗೂ ಪಕ್ಕದಲ್ಲಿದ್ದ ಮಗುವಿನ ತಲೆಗೂ ಚಿಮುಕಿಸಿದಳು. ಆಕೆಯ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. “ಬೇಡ, ಇದು ನಾಟಕ ಕಣ್ರಮ್ಮ” ಎಂದು ಮಿಸ್ ಅಂದರೆ, “ನಾಟಕ ಮ್ಯಾಲೆ ಮುಗೀತಲ್ರಿ” ಎಂದು ಯಾರೋ ಅಂದರು. ನೋಡುತ್ತಿದ್ದಂತೆ ಮುಂದಿನ ಸಾಲಿನಿಂದ ನಮ್ಮಜ್ಜಿ ಎದ್ದರು. ತಮ್ಮದೇ ತಟ್ಟೆ, ಅದರಲ್ಲಿ ಪಾದ, ಸುತ್ತ ಜನ. ಬಗ್ಗಿದ ತಲೆಗಳ ನಡುವೆ ಆ ಪಾದ ಯಾರದು, ಹೇಗಿದೆ ಎಂದು ಅವರು ನೋಡಲೂ ಇಲ್ಲ. ಅವರಿಗೆ ಇನ್ನೇನು ಬೇಕು?

“ಅಜ್ಜಿ, ಬ್ಯಾಡಿ. ನಿಮಗೆ ಗೊತ್ತಿಲ್ಲ...” ಎಂದು ಮಿಸ್ ತಟ್ಟೆಗೆ ಕೈ ಅಡ್ಡ ಹಿಡಿದರು.

“ನಂಗೇನು ಗೊತ್ತಿಲ್ಲ? ಪಾದೋದಕ ತಗಳಾದು ನೀನು ಹೇಳ್ಕೊಡ್ತೀಯ? ಸರಿ ಅತ್ಲಾಗೆ” ಎಂದು ಗದರಿಸಿ, ಮೂರು ಬೆರಳಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡೇ ಬಿಟ್ಟರು. ಅಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು.

ಮರುದಿನ ಬೆಳಗಾಗುವಷ್ಟರಲ್ಲಿ ಅಕ್ಕಪಕ್ಕದವರು ಅಜ್ಜಿಗೆ ಎಲ್ಲವನ್ನೂ ಹೇಳಿದ್ದರು. ಅಜ್ಜಿ ಪೂಜೆಗೂ ಏಳಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. ಜಗಲಿಯ ಮೇಲೆ ಕಂಬಕ್ಕೊರಗಿ ಕೂತರು. ಸ್ವಲ್ಪ ಹೊತ್ತಿಗೆ ಮಿಸ್ಸೇ ಬಂದರು. ಕಣ್ಣು ಕೆಂಪಗಿತ್ತು. ಸೀರೆಯ ಪಿನ್ನು ಮಾತ್ರ ಎಂದಿನಂತೆ ಸರಿಯಾಗಿತ್ತು.

“ಅಜ್ಜಿ, ಈ ವಾರದಲ್ಲೇ ಮನೆ ಖಾಲಿ ಮಾಡ್ತೀವಿ.”

ಅಜ್ಜಿ ಕಂಬ ಬಿಟ್ಟು ನೆಟ್ಟಗೆ ಕೂತರು. ನಾನು ಬಾಗಿಲ ಹಿಂದೆ ಅಮ್ಮನ ಸೆರಗು ಹಿಡಿದು ನಿಂತಿದ್ದೆ.

“ಮೊದ್ಲೇ ಹೇಳಿದ್ರೆ ಮನೆ ಕೊಡ್ತಿರ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ” ಎಂದರು. “ರಾತ್ರಿಯೆಲ್ಲ ಏನೂ ಆಗ್ಲಿಲ್ಲ ನಂಗೆ. ಚೆನ್ನಾಗೇ ನಿದ್ದೆ ಬಂತು. ಪಾದೋದಕ ತಗಂಡಿದೀನಿ, ಅದು ಹೊಟ್ಟ್ಯಾಗೈತೆ. ಪಾದ ತೊಳೆದ ನೀರು ಕುಡಿದು ಆ ಪಾದಾನೇ ಹೊಸಿಲಿಂದಾಚೆ ಹಾಕ್ಲೇನು? ಅದು ನನ್ನ ಕೈಲಾಗಲ್ಲ. ನೀವಿನ್ನು ಬಾಡಿಗೆಯೋರಲ್ಲ, ಹೋಗು. ಆದ್ರೆ ಬಚ್ಚಲು ನೀರು ಮಾತ್ರ ಈ ಕಡೆ ಬಿಡಬ್ಯಾಡ.”

ಮಿಸ್ ನಕ್ಕರು. ನಗುತ್ತಲೇ ಜಗಲಿಯ ಮೇಲೆ ಕುಸಿದು ಕೂತು ಅತ್ತರು.

ಶಾಲೆಗೂ ಕೆಲವರು ದೂರು ಹೊತ್ತು ಹೋದರಂತೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಎಲ್ಲ ಗೊತ್ತಿತ್ತು ಎಂದು ಸಿಸ್ಟರ್ ಹೇಳಿ ಕಳಿಸಿದರಂತೆ. ಆಮೇಲಾಮೇಲೆ ಮಧ್ಯಾಹ್ನದ ಹೊತ್ತು ಅಜ್ಜಿಯೂ ಮಿಸ್ ಅಮ್ಮನೂ ಹಿತ್ತಲ ನೆರಳಲ್ಲಿ ಕೂತು ಕಾಳು ಹಸನು ಮಾಡುವುದು ನಮ್ಮ ಕಣ್ಣಿಗೆ ಅಭ್ಯಾಸವಾಯಿತು. ಕೆಲವು ವರ್ಷಗಳ ಮೇಲೆ ಆ ತಾಯಿ ತೀರಿಕೊಂಡರು. ಕೊನೆಯ ಸ್ನಾನ ಮಾಡಿಸಲು ಬೀದಿಯ ಹೆಂಗಸರು ಹಿಂದೆ ಮುಂದೆ ನೋಡುತ್ತಿದ್ದಾಗ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಿಂದಿಗೆ ಎತ್ತಿದರು.

ಆಮೇಲೆ ಮಿಸ್ ಚಿತ್ರದುರ್ಗದಲ್ಲಿ ಉಳಿಯಲಿಲ್ಲ. ದೂರದ ಯಾವುದೋ ಕುಷ್ಠರೋಗದ ಆಸ್ಪತ್ರೆಯಲ್ಲಿ, ರೋಗಿಗಳ ಮಕ್ಕಳಿಗೆ ಪಾಠ ಹೇಳಲು ಹೋದರು. ಯುಗಾದಿಗೊಂದು ಕಾರ್ಡು ಬರುತ್ತಿತ್ತು. ನಾನು ಮದುವೆಯಾಗಿ ಹೊಸದುರ್ಗಕ್ಕೆ ಬಂದ ಮೇಲೂ ಬಂತು. ಆಮೇಲೆ ನಿಂತಿತು... ಮಕ್ಕಳು, ಮನೆ, ಮಾವನವರ ಕಾಯಿಲೆ ಎಂದು ನಾನೂ ಮುಳುಗಿ ಹೋದೆ. ಬಿಡುವಾಗಿ ವಿಚಾರಿಸುವ ಹೊತ್ತಿಗೆ ಆಸ್ಪತ್ರೆಯ ಆ ಶಾಲೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಿಸ್ ಅಲ್ಲಿದ್ದಾಗಲೇ ಹೋಗಿಬಿಟ್ಟರು ಎಂದರು. ಎಲ್ಲಿ ಮಣ್ಣು ಮಾಡಿದರು ಎಂಬುದು ಹೇಳಿದವರಿಗೂ ತಿಳಿದಿರಲಿಲ್ಲ.

ಇತ್ತೀಚೆಗೆ ಆ ರಾಣಿಯ ಬಗ್ಗೆ ಹುಡುಕಿ ಓದಿದೆ. ಆಕೆ ಸತ್ತಾಗ ಗಂಡ ಕಡಲಾಚೆ ಇದ್ದನಂತೆ. ಆಕೆಯ ಮಗ ಮುಂದೆ ಹಡಗಿನ ಜೊತೆ ಮುಳುಗಿದ. ಸಮಾಧಿ ಮಾಡಿದ ದೊಡ್ಡ ಚರ್ಚು ಇದೆ, ಆದರೆ ಸರಿಯಾಗಿ ಯಾವ ಜಾಗ ಎಂಬ ಗುರುತು ಉಳಿದಿಲ್ಲವಂತೆ. ಫೋನಿನ ಪರದೆಯ ಮೇಲಿನ ಆ ಸಾಲನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ಒಂದು ಮಾತು ಮಿಸ್‌ನ ಕೇಳಬೇಕಿತ್ತು. ಹಾಗೆ ಮಾಡಬೇಕೆಂದು ಮೊದಲೇ ಮನಸ್ಸು ಮಾಡಿದ್ದಿರಾ, ಇಲ್ಲ ಆ ಮೆಟ್ಟಿಲ ಹತ್ತಿರ ನಿಂತಾಗ ಹೊಳೆಯಿತಾ ಎಂದು. ಮನೆ ಹೋಗಬಹುದಿತ್ತು, ಅಮ್ಮ ಕೈತಪ್ಪಬಹುದಿತ್ತು. ಅದು ಗೊತ್ತಿದ್ದೂ ಇಳಿದರಲ್ಲ... ಅಷ್ಟು ವರ್ಷ ಹಿತ್ತಲಲ್ಲೇ ಇದ್ದರು, ದಿನಾ ಕಾಣುತ್ತಿದ್ದರು. ಯಾವಾಗಲಾದರೂ ಕೇಳಿದರಾಯಿತು ಅಂದುಕೊಂಡೇ ಇದ್ದೆ. ಈಗ ಅಜ್ಜಿಯಿಲ್ಲ, ಅಮ್ಮನಿಲ್ಲ. ಆ ಸಂಜೆಯನ್ನು ಕಂಡ ನಮ್ಮ ಮನೆಯವರಲ್ಲಿ ಉಳಿದಿರುವವಳು ನಾನೊಬ್ಬಳೇ.