ಚಕವಾ ಹತ್ತಿದ ಸಂಜೆ

ಕರಜಗಿಯ ನಮ್ಮ ಹೊಲಗಳ ಕಡೆ ಚಕವಾ ಎಂಬ ದೆವ್ವವಿದೆ. ಪಾಪದ ದೆವ್ವ ಅದು, ಯಾರ ರಕ್ತವನ್ನೂ ಕುಡಿಯುವುದಿಲ್ಲ. ಹೋಗುವವರ ದಾರಿ ತಪ್ಪಿಸಿ, ಸುತ್ತಿದ ಕಡೆಯೇ ಸುತ್ತಿಸಿ ಮಜಾ ನೋಡುತ್ತದೆ, ಅಷ್ಟೇ. ಚಕವಾ ಹತ್ತಿದರೆ ನಡೆಯಬಾರದು, ಚಪ್ಪಲಿ ಬೋರಲು ಹಾಕಿ ಇದ್ದಲ್ಲೇ ಕುಳಿತುಬಿಡಬೇಕು ಎಂದು ಅವ್ವ ನನಗೆ ಹೇಳಿಕೊಟ್ಟಿದ್ದಳು. ಚಿಕ್ಕಂದಿನಲ್ಲಿ ನನಗೆ ಅದು ಮನೆಯ ತುಂಟ ಮಾವನಷ್ಟೇ ಸಲಿಗೆಯದಾಗಿತ್ತು.

ಅವ್ವ ಈಗ ಸೊಲ್ಲಾಪುರದಲ್ಲಿ ನಮ್ಮ ಜೊತೆ ಇದ್ದಾಳೆ. ಈಚೆಗೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದ್ದಳು. ಒಮ್ಮೆ ಡಾಕ್ಟರಿಗೆ ತೋರಿಸೋಣ ಎಂದು ನನ್ನ ಗಂಡ ಮೆಲ್ಲಗೆ ಅಂದಾಗ ಅವರ ಮೇಲೆ ಹರಿಹಾಯ್ದೆ. ಅವ್ವನಿಗೆ ಮರೆವಿನ ಕಾಯಿಲೆ ಬಂತೇನೋ ಎಂಬ ಅದೇ ಹೆದರಿಕೆ ನನ್ನೊಳಗೂ ಇತ್ತು.

ಒಂದು ಸಂಜೆ ಕೊತಂಬರಿ ತರುತ್ತೇನೆಂದು ಹೋದವಳು ತಿರುಗಿ ಬರಲಿಲ್ಲ. ನಮ್ಮ ಸೊಸಾಯಟಿಯ ಕಟ್ಟಡಗಳಿಗೆಲ್ಲ ಒಂದೇ ಬಣ್ಣ, ಒಂದೇ ಥರದ ಗೇಟು. ಒಂದೊಂದು ಗೇಟಿನ ಮುಂದೆಯೂ "ಅವ್ವಾ" ಎಂದು ಒಮ್ಮೆ ಕೂಗಿ ಮುಂದಕ್ಕೆ ಓಡಿದೆ. ಹಾಗೇ ಇನ್ನೊಂದು ಸುತ್ತು ಬಂದೆ. ಎಲ್ಲೂ ಸುಳಿವಿಲ್ಲ. ಕೊನೆಗೆ ನೀರಿನ ಟಾಕಿಯ ಹತ್ತಿರ ಕಾಲು ಸೋತು ನಿಂತು, ಅಳುತ್ತಲೇ ಮತ್ತೆ ಕೂಗಿದೆ.

"ಓ!" ಎಂದಳು ಅವ್ವ, ಟಾಕಿಯ ಹಿಂದಿನಿಂದ.

ಕಟ್ಟೆಯ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಕೊತಂಬರಿ, ಮುಂದೆ ಬೋರಲು ಹಾಕಿದ ಚಪ್ಪಲಿ.

"ನಾ ಒದರಿದ್ದು ಕೇಳಿಸ್ಲಿಲ್ಲೇನು?" ಎಂದು ರೇಗಿದೆ.

"ಕೇಳಿಸ್ತು. ಎರಡು ಸಲ ಕೇಳಿಸ್ತು."

ಕೇಳಿಸಿಯೂ ಓಗೊಟ್ಟಿರಲಿಲ್ಲ! ಹೆದರಿದ್ದೇ ಆಯಿತು ಅಂದುಕೊಂಡೆ.

"ಯಾಕವ್ವಾ, ನನ್ನ ದನಿ ಗುರ್ತ ಹತ್ತಲಿಲ್ಲಾ?"

"ಹತ್ತದ ಏನು? ಆದ್ರ ಚಕವಾನೂ ಮಕ್ಕಳ ದನೀಲೇ ಕರೀತದ. ಓ ಅಂದ್ರ ಮುಗೀತು, ಅದರ ಬೆನ್ನ ಹತ್ತಿ ಹೋಗೂದ. ಎರಡು ಸಲ ಕರದು ಅದಕ್ಕ ಬ್ಯಾಸರ ಬರ್ತದ, ಮೂರನೇ ಸಲ ಕರ್ಯಾಂಗಿಲ್ಲ."

ಇದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ಅವಳ ಪಕ್ಕ ಕುಸಿದು ಕುಳಿತೆ. ನಗು ಬಂತು, ಅಳುವೂ ನಿಲ್ಲಲಿಲ್ಲ. ಡಾಕ್ಟರ ಹತ್ತಿರ ಹೋಗುವುದು ಇದ್ದೇ ಇತ್ತು.

"ನಾ ಮೂರನೇ ಸಲ ಕರೀದ ಹೋಗಿದ್ರ ಏನ್ ಮಾಡ್ತಿದ್ದಿ?" ಎಂದೆ.

"ಹುಚ್ಚಿ, ಕರೀದ ಎಲ್ಲಿ ಹೋಗ್ತಿ ನೀ?" ಎನ್ನುತ್ತ ಅವ್ವ ಚಪ್ಪಲಿ ಮೆಟ್ಟಿಕೊಂಡಳು.