ಸೋದರಮಾವನ ಎಂಟು ದಿನಗಳ ವರದಿ

ರಕ್ತಪರೀಕ್ಷಾಲಯದ ಆ ಹೆಂಗಸಿಗೆ ರೋಗಿಗಳು ಇಟ್ಟ ಹೆಸರು 'ಸೊಳ್ಳೆ'. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ರಕ್ತ ಸೀಸೆ ಸೇರಿರುತ್ತಿತ್ತು. ಹೆಸರಿನ ಹಿಂದೆ ಇದ್ದದ್ದು ಶುದ್ಧ ಮೆಚ್ಚುಗೆ. ಹನ್ನೊಂದು ವರ್ಷಗಳಲ್ಲಿ ಅವಳ ಸೂಜಿ ರಕ್ತನಾಳ ತಪ್ಪಿದ್ದು ಒಮ್ಮೆ ಮಾತ್ರ. ಆ ದಿನ ಎಡಗೈಯ ಎರಡು ಬೆರಳುಗಳು ಊದಿಕೊಂಡು, ರೋಗಿಯ ಚರ್ಮವನ್ನು ಬಿಗಿಯಾಗಿ ಹಿಡಿಯಲಾಗಿರಲಿಲ್ಲ. ಹಿಂದಿನ ಸಂಜೆ ಗಂಡ ಅವನ್ನು ಬಾಗಿಲ ಸಂದಿಯಲ್ಲಿಟ್ಟು ಕದ ಒತ್ತಿದ್ದ. "ಬಾಗಿಲಿಗೆ ಸಿಕ್ಕಿತು," ಎಂದು ಕೇಳಿದವರಿಗೆಲ್ಲ ಹೇಳಿದಳು. ಭೌತಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಂದು ಕೆಲಸ ಮುಗಿಸಿ ನೇರ ತವರಿಗೆ ಹೋಗಿ, ಅಲ್ಲಿ ನಿಜ ಹೇಳಿ, ಮಹಡಿಯ ಮೇಲಿನ ಖಾಲಿ ಕೋಣೆ ತನಗೆ ಬೇಕು ಎಂದಳು. ತವರು ತಕ್ಷಣ ಸ್ಪಂದಿಸಿತು; ಅಂದರೆ, ಸಭೆ ಕರೆಯಿತು.

"ಅವರಿಗೆ ಸಿಟ್ಟು ಬಂದ್ರೆ ಮೈಮೇಲೆ ಪ್ರಜ್ಞೆ ಇರಲ್ಲ ಕಣೇ," ಎಂದಳು ತಾಯಿ. "ಇಳಿದ್ಮೇಲೆ ಚಿನ್ನದಂಥ ಮನುಷ್ಯ."

"ಅಡುಗೆಗೆ ಉಪ್ಪು ಹೆಚ್ಚುಕಮ್ಮಿ ಮಾಡ್ತೀಯೇನೇ?" ಅಣ್ಣ ಕೇಳಿದ.

"ಮನೆಗೆ ಬರೋದು ತಡ ಆಗುತ್ತೇನೋ. ಎದುರು ಮಾತು ಬೇರೆ," ಎಂದಳು ಅತ್ತಿಗೆ.

ಅಳಿಯನ ಸಿಟ್ಟನ್ನು ಆ ಕುಟುಂಬ ಸಿಡಿಲಿನ ವರ್ಗಕ್ಕೆ ಸೇರಿಸಿತ್ತು. ಅದು ಬೀಳುವುದು ಪ್ರಕೃತಿನಿಯಮ. ತಪ್ಪೇನಿದ್ದರೂ ಮರದ ಕೆಳಗೆ ನಿಂತವಳದು.

ತೀರ್ಪು ಕೊಡುವ ಹೊಣೆ ಸೋದರಮಾವನಿಗೆ ಬಿತ್ತು. ಮೂವತ್ತೈದು ವರ್ಷ ಪರೀಕ್ಷಾ ಕೊಠಡಿಗಳ ಮೇಲ್ವಿಚಾರಣೆ ಮಾಡಿ ನಿವೃತ್ತನಾದವನು. ತಾನು ನಿಂತ ಕೊಠಡಿಯಲ್ಲಿ ಯಾರೂ ನಕಲು ಹೊಡೆದದ್ದನ್ನು ಅವನು ಕಂಡಿರಲಿಲ್ಲ. ಆದ್ದರಿಂದ ನಕಲೆಂಬುದು ಪತ್ರಿಕೆಯವರ ಸೃಷ್ಟಿ ಎಂದು ನಂಬಿದ್ದ.

"ಎಂಟು ದಿನ ನಾನೇ ನಿಮ್ಮನೇಗೆ ಬಂದು ಇರ್ತೀನಿ," ಎಂದ. "ಕಣ್ಣಾರೆ ಕಂಡದ್ದನ್ನ ಬರೀತೀನಿ. ನೀನು ಹೇಳೋದು ನಿಜವಾದ್ರೆ ಕೋಣೆ ನಿಂದು. ಇಲ್ಲಾಂದ್ರೆ ತೆಪ್ಪಗೆ ಸಂಸಾರ ಮಾಡಬೇಕು."

ಗಂಡ ಔಷಧ ಕಂಪನಿಯ ಪ್ರತಿನಿಧಿ. ವೈದ್ಯರ ಬಾಗಿಲಲ್ಲಿ ಮೂರು ಗಂಟೆ ಕಾದು, ಬೈಸಿಕೊಂಡು, ನಗುತ್ತಾ ಹೊರಬರುವ ಕಸುಬು. ಅಂಥವನಿಗೆ ಎಂಟು ದಿನ ಯಾವ ಲೆಕ್ಕ? ಮಾವನಿಗೆ ದಿಂಬು ಕೊಟ್ಟ, ಬಿಸಿನೀರು ಕಾಯಿಸಿದ. ಕೋಣೆ ಕೈಜಾರುತ್ತಿರುವುದನ್ನು ಅವಳು ಎರಡು ದಿನ ನೋಡುತ್ತಾ ಕುಳಿತಳು. ಮೂರನೆಯ ದಿನ, ಬೆರಳ ನೋವಿನ ನಡುವೆ, ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಳು. ತಟ್ಟೆ ಮುಂದಿಟ್ಟ ಮೇಲೆ ನೆನಪಾಗಿ, ಗೋಡೆಗೆ ಆತುಕೊಂಡಳು.

"ಉಪ್ಪು ಕಮ್ಮಿ ಇದ್ರೆ ಬಿ.ಪಿ.ಗೆ ಒಳ್ಳೇದು, ಅಲ್ವಾ ಮಾವ?" ಎಂದು ಗಂಡ ನಕ್ಕ.

ಅವಳ ತಲೆಯೊಳಗೆ ಪರೀಕ್ಷಾಲಯ ಬಾಗಿಲು ತೆರೆದದ್ದು ಆಗ. ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಮರುದಿನ ಬೇಕೆಂದೇ ಉಪ್ಪು ಬಿಟ್ಟಳು. ಐದನೆಯ ದಿನ ಎರಡು ಗಂಟೆ ತಡವಾಗಿ ಬಂದಳು. ಆರನೆಯ ದಿನ ಎದುರು ಮಾತಾಡಿದಳು. ಏಳನೆಯ ದಿನ ಅವನ ಬಿಳಿ ಅಂಗಿಯ ಮೇಲೆ ಚಹಾ ಚೆಲ್ಲಿದಳು. ಅವನು ನಕ್ಕ; ಸೋದರಮಾವ ಬರೆದುಕೊಂಡ.

ಒಂಬತ್ತನೆಯ ದಿನ ತವರಿನ ನಡುಮನೆಯಲ್ಲಿ, ಗಂಡನ ಸಮ್ಮುಖದಲ್ಲೇ, ವರದಿ ಓದಲಾಯಿತು. "ಸಿಟ್ಟಿಗೆ ಸಕಲ ಕಾರಣಗಳಿದ್ದಾಗ್ಯೂ ಅಳಿಯಂದಿರು ಪೂರ್ಣ ಹತೋಟಿಯಲ್ಲಿದ್ದರು. ಕೈ ಎತ್ತಿದ ಪ್ರಸಂಗ: ಸೊನ್ನೆ."

"ಸಹಿ ನಿಮ್ದೇ ತಾನೇ ಮಾವ?" ಅವಳು ಕೇಳಿದಳು.

"ನಂದೇ. ಹಾಕಿದ ಸಹಿ ವಾಪಸ್ ತಗೊಂಡೋನಲ್ಲ ನಾನು."

"ಹಾಗಾದ್ರೆ ಸಿಟ್ಟು ಬಂದ್ರೆ ಪ್ರಜ್ಞೆ ಇರಲ್ಲ ಅನ್ನೋದು ಸುಳ್ಳು. ಉಪ್ಪು, ತಡ, ನನ್ನ ಬಾಯಿ, ಯಾವುದೂ ಕಾರಣ ಅಲ್ಲ. ನೀವಿದ್ರೆ ಕೈ ನಿಲ್ಲುತ್ತೆ. ನಿಲ್ಲಿಸೋಕೆ ಬರುತ್ತೆ ಅಂದ್ಮೇಲೆ, ಇಷ್ಟು ವರ್ಷ ಎತ್ತಿದ್ದೂ ಬೇಕಂತಲೇ."

"ಅಯ್ಯೋ, ನಾನು ಬರೆದದ್ದು ಅವರ ಪರವಾಗಿ ಕಣಮ್ಮಾ!"

"ಬರೆದದ್ದು ಸರಿಯಾಗೇ ಇದೆ."

ಅಣ್ಣನಿಗೆ ದಾರಿ ಹೊಳೆಯಿತು. "ಮಾವ ಅಲ್ಲೇ ಖಾಯಂ ಇದ್ಬಿಟ್ರೆ?"

"ನಂಗೇನು ಗ್ರಹಚಾರ! ಎರಡು ದಿನ ಸಪ್ಪೆ ಊಟ ತಿಂದದ್ದು ಸಾಲದಾ?"

ಗಂಡ ಎದ್ದುಬಂದು ಹೆಂಡತಿಯ ಭುಜದ ಮೇಲೆ ಕೈಯಿಟ್ಟ. "ಬಾ, ಮನೆಗೆ ಹೋಗೋಣ," ಎಂದ ಬೆಣ್ಣೆಯಂಥ ದನಿಯಲ್ಲಿ. ಪಕ್ಕದಲ್ಲೇ ಕುಳಿತಿದ್ದ ತಾಯಿಗೆ ಅವನ ಹೆಬ್ಬೆರಳು ಕಾಣುತ್ತಿತ್ತು. ಮಗಳ ಕೊರಳೆಲುಬಿನ ಮೇಲೆ ಒತ್ತಿ ಒತ್ತಿ, ಅದರ ಉಗುರು ಬಿಳಿಚಿಕೊಂಡಿತ್ತು. ತಾಯಿ ಆ ಉಗುರನ್ನೇ ನೋಡಿದಳು, ಎಲ್ಲರೂ ಗಮನಿಸುವಷ್ಟು ಹೊತ್ತು.

"ಮೇಲಿನ ಕೋಣೆ ಗುಡಿಸಿಲ್ಲ ಕಣೇ," ಎಂದಳು ಕೊನೆಗೆ.

"ನಾನೇ ಗುಡಿಸ್ಕೋತೀನಿ, ಅಮ್ಮ."

ಅವಳು ಭುಜ ಕೊಡವಿ ಎದ್ದು ಮೆಟ್ಟಿಲು ಹತ್ತಿದಳು. ಸೋದರಮಾವ ಇನ್ನೂ ಎದುರಿಗೇ ಕುಳಿತಿದ್ದುದರಿಂದ ಗಂಡ ನಗುತ್ತಲೇ ಇದ್ದ.