ತನ್ನ ಬೋರ್ಡ್ ತಾನು ಬರೆಯಬಾರದು

ಯಾರೇ ಸಿಗಲಿ, "ನಿಮ್ಮ ಕೆಲಸಕ್ಕ ಏನಂತಾರ್ರಿ?" ಎಂದು ಕೇಳುವ ಚಟ ನನಗೆ. ಕೇಳಬಾರದು ಅಂದುಕೊಂಡೇ ಕೇಳಿಬಿಡುತ್ತೇನೆ. ದಹಿಸರ್ ಸ್ಟೇಷನ್ನಿಗೆ ಹತ್ತಿರದಲ್ಲೇ ನಮ್ಮ ಅಂಗಡಿ ಇದೆ. ಬೇರೆ ಅಂಗಡಿಗಳಿಗೆ ಬೋರ್ಡ್ ಮಾಡಿಕೊಡುವುದು ನಮ್ಮ ಕೆಲಸ. ಈ ದಂಧೆಯ ಮಂದಿ ತಮ್ಮನ್ನು ತಾವು ಕರೆದುಕೊಳ್ಳುವ ಹೆಸರನ್ನು ಎಷ್ಟು ಸಲ ಬದಲಾಯಿಸುತ್ತಾರೆಂದರೆ, ಅದನ್ನು ಕೇಳಿ ತಿಳಿದುಕೊಳ್ಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ.

ನನ್ನ ಮದುವೆಯಾದಾಗ ಯಜಮಾನರು ಪೇಂಟರ್. ಊರು ಗದಗಿನ ಕಡೆ. ಮುಂಬಯಿಗೆ ಬಂದವರು ತಗಡಿನ ಮೇಲೆ ಅಕ್ಷರ ಬರೆಯುವುದನ್ನು ಕಲಿತು ಇಲ್ಲೇ ಉಳಿದರು. ಆಮೇಲೆ ಹೊಳೆಯುವ ಸ್ಟಿಕ್ಕರ್ ಬಂತು. ಅದಕ್ಕೆ ಇಲ್ಲಿ ಎಲ್ಲರೂ ರೇಡಿಯಂ ಎನ್ನುತ್ತಾರೆ. ನಮ್ಮ ಓಣಿಯ ಇಬ್ಬರು ಪೇಂಟರುಗಳು ಬ್ರಷ್ ಒಳಗಿಟ್ಟು ರೇಡಿಯಂವಾಲೆ ಆದರು. ಫ್ಲೆಕ್ಸ್ ಬಂತು, ಫ್ಲೆಕ್ಸ್‌ವಾಲೆ ಆದರು. ಬೆಳಕಿನ ಅಕ್ಷರ ಬಂದ ಮೇಲೆ ಸೈನೇಜ್‌ವಾಲೆ. ಒಮ್ಮೆ ಸ್ಯಾಂಪಲ್ ಕೊಡಲು ಫೋರ್ಟಿನ ಆಫೀಸೊಂದಕ್ಕೆ ಹೋದಾಗ ಲಿಫ್ಟಿನಲ್ಲಿ ಇದೇ ಕೆಲಸ ಮಾಡುವ ಹುಡುಗನೊಬ್ಬ ಸಿಕ್ಕ. ಕನ್ನಡದವನೇ ಎಂದು ತಿಳಿದು ಖುಷಿಯಿಂದ ಕೇಳಿದೆ. "ನಾವು ಬ್ರ್ಯಾಂಡಿಂಗ್ ಸ್ಟುಡಿಯೋ, ಆಂಟಿ," ಎಂದ.

"ಅಂದ್ರ ಬೋರ್ಡ್ ಮಾಡ್ತೀರಿ?"

"ಬೋರ್ಡ್ ನಹೀ ಆಂಟಿ. ನಾವು... ಕ್ಯಾ ಬೋಲೂ... ಎಕ್ಸ್‌ಪೀರಿಯನ್ಸ್ ಮಾಡ್ತೇವೆ."

ಅವನ ಕೈಯಲ್ಲಿ ಅಳತೆಯ ಟೇಪ್ ಇತ್ತು, ಅಂಗಿಯ ಮೇಲೆ ಅಂಟಿನ ಕಲೆ ಇತ್ತು. ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇಷ್ಟೆಲ್ಲ ಹೆಸರು ಬಂದು ಹೋದರೂ ನಮ್ಮ ಯಜಮಾನರು ಮಾತ್ರ ಒಂದೇ ಹೆಸರಿನಲ್ಲಿ ಕೂತಿದ್ದರು. ಆರ್ಟಿಸ್ಟ್. ಅದು ಅವರೇ ಇಟ್ಟುಕೊಂಡದ್ದಲ್ಲ. ಈ ಪೇಂಟರುಗಳಲ್ಲಿ ಒಂದು ಪದ್ಧತಿ ಇದೆ: ತನ್ನ ಅಂಗಡಿಯ ಬೋರ್ಡನ್ನು ತಾನು ಬರೆಯಬಾರದು. ಇನ್ನೊಬ್ಬ ಪೇಂಟರನ್ನು ಕರೆಯಬೇಕು. ಬಂದವನು ಅರ್ಧ ದಿನ ಅಂಗಡಿಯಲ್ಲಿ ಸುಮ್ಮನೆ ಕೂತು ಕೆಲಸ ನೋಡುತ್ತಾನೆ. ಆಮೇಲೆ ಅಂಗಡಿಯ ಹೆಸರಿನ ಮುಂದೆ ಮಾಲೀಕನನ್ನು ಏನೆಂದು ಕರೆಯಬೇಕೆಂದು ಅವನೇ ತೀರ್ಮಾನಿಸಿ ಬರೆಯುತ್ತಾನೆ. ಮಾಲೀಕ ತುಟಿ ಪಿಟಕ್ಕೆನ್ನುವಂತಿಲ್ಲ. ಅಂಗಡಿ ತೆರೆದಾಗ ವಡಾಲದಿಂದ ಬಂದು ಬೋರ್ಡ್ ಬರೆದವರು ವಿಜಾಪುರದ ಕಡೆಯ ಒಬ್ಬ ಭಾಯಿ, ಯಜಮಾನರ ಜೊತೆಗೇ ಕೆಲಸ ಕಲಿತವರು. ಸುತ್ತಮುತ್ತ ಎಲ್ಲರೂ ಪೇಂಟರ್ ಆಗಿದ್ದ ಕಾಲದಲ್ಲಿ ಅವರು ಇವರನ್ನು ಆರ್ಟಿಸ್ಟ್ ಎಂದು ಬರೆದು ಹೋದರು.

ಅಂದಿನಿಂದ ಚಹಾದವನಿಂದ ಹಿಡಿದು ಮೀಟರ್ ನೋಡಲು ಬರುವವನವರೆಗೆ ಎಲ್ಲರೂ "ಆರ್ಟಿಸ್ಟ್ ಸಾಬ್" ಎಂದೇ ಕರೆದರು. ಹಾಗೆ ಕರೆದಾಗಲೆಲ್ಲ ನಮ್ಮವರು ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ಬ್ರಷ್ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಅದು ತಪ್ಪಲಿಲ್ಲ. ಈಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವಳು ನಾನು, ಕತ್ತರಿಸುವುದು ಮಷೀನು.

ಹೋದ ವರ್ಷ ನಮ್ಮ ಸಾಲಿನ ಮುಂದೆ ಗಟಾರದ ಕೆಲಸ ಶುರುವಾಯಿತು. ಎಲ್ಲರೂ ಮುಂದಿನ ಛಾವಣಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮ ಹಳೆಯ ಬೋರ್ಡ್ ಇಳಿಸುವಾಗ ತುಕ್ಕು ಹಿಡಿದ ತಗಡು ಮಧ್ಯಕ್ಕೇ ಹರಿಯಿತು. ಈಗ ಸರಕಾರದ ನಿಯಮದಂತೆ ಬೋರ್ಡಿನಲ್ಲಿ ಮರಾಠಿ ಅಕ್ಷರ ದೊಡ್ಡದಾಗಿಯೂ ಇರಬೇಕು, ಹಾಗಾಗಿ ಹಳೆಯದನ್ನು ಜೋಡಿಸಿ ಪ್ರಯೋಜನವಿರಲಿಲ್ಲ. ಒಂದು ಮಧ್ಯಾಹ್ನ ಕೊಟ್ಟರೆ ಬೆಳಕಿನ ಅಕ್ಷರ ಮಾಡಿ ನಿಲ್ಲಿಸುತ್ತೇನೆ ಎಂದೆ.

"ಅದು ಬರಾಂಗಿಲ್ಲ," ಎಂದರು. "ಭಾಯಿಗೆ ಫೋನ್ ಮಾಡೇನಿ."

"ಈಗಿನ ಕಾಲದಾಗ ಯಾರ ನೋಡ್ತಾರ್ರಿ ಆ ಪದ್ಧತಿ?"

"ನಾ ನೋಡ್ತೀನಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಮೆಲ್ಲಗೆ ಕೇಳಿದರು: "ಬ್ರಷ್ ಮುಟ್ಟದವ್ನ ಆರ್ಟಿಸ್ಟ್ ಅಂತ ಮತ್ತ ಬರೀತಾನಂತೀಯೇನು?" ಆಗ ಗೊತ್ತಾಯಿತು ನನಗೆ, ಮನುಷ್ಯ ನಾಲ್ಕು ದಿನದಿಂದ ಯಾಕೆ ಸರಿಯಾಗಿ ಉಣ್ಣುತ್ತಿಲ್ಲ ಎಂದು. ಭಾಯಿ ಬೇರೆ ಏನಾದರೂ ಬರೆದರೆ ಅದೇ ಕೊನೆಯತನಕ ನಿಲ್ಲುತ್ತಿತ್ತು. ಬೆಳಿಗ್ಗೆ ಅಂಗಡಿಗೆ ಹೋಗಿ ನೋಡಿದರೆ ಒಣಗಿ ಕೋಲಾಗಿದ್ದ ಹಳೆಯ ಬ್ರಷ್‌ಗಳನ್ನೆಲ್ಲ ತೊಳೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ನನಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಭಾಯಿ ಹಾರ್ಬರ್ ಲೋಕಲ್ ಹಿಡಿದು, ಅಂಧೇರಿಯಲ್ಲಿ ಬದಲಿಸಿ, ಹತ್ತು ಗಂಟೆಗೆ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಏನ್ ವೈನಿ, ಇನ್ನೂ ಎಲ್ಲಾರ್ಗೂ ಪ್ರಶ್ನೆ ಕೇಳ್ತೀರೇನು?" ಎಂದು ನಕ್ಕರು.

"ಕೇಳದ ಬಿಡ್ತೀನೇನು? ನಿಮಗ ಈಗ ಏನಂತಾರ ಹೇಳ್ರಿ ಮೊದಲ."

"ನಮ್ದೇನೈತಿ, ಫಿಟಿಂಗ್ ಕೆಲಸ," ಎಂದು ಹೇಳಿ ಸ್ಟೂಲ್ ಎಳೆದುಕೊಂಡು ಕೂತರು.

ಅರ್ಧ ದಿನ ಅವರು ಸುಮ್ಮನೆ ನೋಡಿದರು. ನಾನು ಒಂದು ಔಷಧಿ ಅಂಗಡಿಯ ಹೆಸರು ಜೋಡಿಸುತ್ತಿದ್ದೆ. ಯಜಮಾನರು ಹಿಂದೆ ನಿಂತು, "ಆ ಎರಡು ಅಕ್ಷರ ಸ್ವಲ್ಪ ದೂರ ಸರಸು, ಉಸಿರುಗಟ್ಟಿ ನಿಂತಾವ," ಎಂದರು. ಸರಿಸಿದೆ. "ಇನ್ನೊಂದು ಕೂದಲೆಳಿ." ಮತ್ತೆ ಸರಿಸಿದೆ. ಹೆಸರು ಎದ್ದು ನಿಂತಿತು. ಅವರು ಯಾವತ್ತೂ ಹೀಗೇ ಹೇಳುತ್ತಾರೆ, ನಾನು ಯಾವತ್ತೂ ಗೊಣಗುತ್ತಾ ಸರಿಸುತ್ತೇನೆ. ಆದರೆ ಭಾಯಿ ಎದ್ದು ಬಂದು ಪರದೆಯನ್ನು ನೋಡಿದರು, ಯಜಮಾನರ ಮುಖ ನೋಡಿದರು.

"ನಿನ್ನ ಕಣ್ಣು ಇನ್ನೂ ಹಂಗ ಐತಲ್ಲೋ ಮಾರಾಯಾ," ಎಂದರು. "ಆರ್ಟಿಸ್ಟ್ ಅಂತನ ಬರೀತೀನಿ ತಗೋ."

ಯಜಮಾನರು ಹೊರಗೆ ಹೋಗಿ ಮೂರು ಚಹಾ ಹೇಳಿ ಬಂದರು. ಕಣ್ಣು ಕೆಂಪಾಗಿತ್ತು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು.

ನೀಲಿ ಬಣ್ಣ ಬಳಿದು ಒಣಗಿಸಿದ್ದ ಉದ್ದನೆಯ ತಗಡನ್ನು ಬಾಗಿಲ ಮುಂದೆ ಎರಡು ಸ್ಟೂಲುಗಳ ಮೇಲೆ ಇಟ್ಟೆವು. ಒಂದೇ ಸಾಲು: ಮೊದಲು ನಮ್ಮ ಮನೆದೇವರ ಹೆಸರು, ಅದೇ ಅಂಗಡಿಯ ಹೆಸರು, ಅದರ ಮುಂದೆ ಆರ್ಟಿಸ್ಟ್. ಭಾಯಿ ಚೀಲದಿಂದ ಬ್ರಷ್ ತೆಗೆದರು. ಹೊಚ್ಚ ಹೊಸದು. ಅದರ ಕೂದಲಿಗೆ ಬಣ್ಣ ಸೋಕಿರಲೇ ಇಲ್ಲ. ಇಷ್ಟು ವರ್ಷದ ಪೇಂಟರ್ ಹತ್ತಿರ ಹೊಸ ಬ್ರಷ್ ಯಾಕೆ ಎಂದು ನನ್ನ ಬಾಯಿ ತುರಿಸಿತು. ಕೇಳಲಿಲ್ಲ.

ಹಳೆಯ ಪೇಂಟರುಗಳಿಗೆ ಸೀಮೆಸುಣ್ಣದಿಂದ ಅಳತೆ ಗುರುತು ಹಾಕಿಕೊಳ್ಳುವುದು ಮರ್ಯಾದೆಗೆ ಕಡಿಮೆ. ಕಲಿಯುವವರು ಹಾಕಿಕೊಳ್ಳುತ್ತಾರೆ, ಕಲಿತವರು ಕಣ್ಣಿನಲ್ಲೇ ಅಳೆಯುತ್ತಾರೆ. ಭಾಯಿಯೂ ಗುರುತಿಲ್ಲದೆ ನೇರವಾಗಿ ಶುರು ಮಾಡಿದರು. ಏನು ಅಕ್ಷರ ಅಂತೀರಿ! ಗುಂಡಗೆ, ತುಂಬಿಕೊಂಡು, ಬಿಳಿ ಬಣ್ಣದಲ್ಲಿ ಒಂದೊಂದೇ ಇಳಿಯುತ್ತಾ ಬಂದವು. ಪಕ್ಕದ ಅಂಗಡಿಯವರೂ ಬಂದು ನಿಂತರು. ಮರಾಠಿ ಅಕ್ಷರ ದೊಡ್ಡದಿರಬೇಕು ಎಂದು ಹೇಳಿದ್ದೆವಲ್ಲ, ಭಾಯಿ ದೊಡ್ಡದಾಗಿಯೇ ಬರೆದರು.

ದೇವರ ಹೆಸರು ಮುಗಿಯುವ ಹೊತ್ತಿಗೆ ಅವರ ಕೈ ನಿಂತಿತು. ತಗಡಿನಲ್ಲಿ ಬಲಗಡೆ ಒಂದು ಗೇಣೂ ಉಳಿದಿರಲಿಲ್ಲ. ಆರ್ಟಿಸ್ಟ್ ಎಂದು ಬರೆಯಲು ಜಾಗವೇ ಇರಲಿಲ್ಲ.

ಭಾಯಿ ಬ್ರಷ್ ಹಿಡಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ನಡುಗುತ್ತಿತ್ತು. "ಎಂಟ್ ವರ್ಷ ಆತು ಬ್ರಷ್ ಬಿಟ್ಟು," ಎಂದರು, ತಗಡಿಗೇ ಹೇಳುವಂತೆ. "ಬ್ಯಾರೆಯವ್ರು ಮಾಡಿದ ಅಕ್ಷರಕ್ಕ ಸ್ಕ್ರೂ ಹೊಡ್ಯಾಕ ಹೋಗ್ತೀನಿ. ನೀ ಬರೀ ಬಾ ಅಂದಿ ಅಂತ ಹೊಸಾದು ತಗೊಂಡ್ ಬಂದೆ."

ನನಗೆ ಸಿಟ್ಟು ಬಂತು. ಮರುಕವೂ ಬಂತು, ಸುಳ್ಳು ಹೇಳುವುದಿಲ್ಲ; ಆದರೆ ಮೊದಲು ಬಂದದ್ದು ಸಿಟ್ಟು. ಮೊದಲೇ ಹೇಳಬಾರದಿತ್ತೇ? ನಾಲ್ಕು ದಿನ ಅನ್ನ ಬಿಟ್ಟ ಮನುಷ್ಯನ ಮುಂದೆ ಆಸೆ ತೋರಿಸಿ ಹೀಗೆ ಮಾಡುವುದೇ? ಬಣ್ಣ ಇನ್ನೂ ಹಸಿಯಾಗಿದೆ, ಒರೆಸಿ ಸಣ್ಣದಾಗಿ ಮತ್ತೆ ಬರೆಯಲಿ ಎಂದು ಒಳಗೆ ಹೋಗಿ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆ ತಂದೆ. ಯಜಮಾನರು ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ ಹಿಡಿದರು.

"ಒರಸಬ್ಯಾಡ."

"ನಿಮ್ಮ ಹೆಸರ ಹೋಗ್ತೈತಲ್ರಿ!"

"ಪೇಂಟರ್ ಮುಂದ ಅವನ ಅಕ್ಷರ ಒರಸಿದ್ರ, ಆಮ್ಯಾಲೆ ಅವಾ ಪೇಂಟರ್ ಅಲ್ಲ." ಮೆಲ್ಲಗೇ ಹೇಳಿದರು. ಪಕ್ಕದ ಅಂಗಡಿಯವರಿಗೆ ಕೇಳಿಸಿತೋ ಇಲ್ಲವೋ, ಭಾಯಿಗೆ ಕೇಳಿಸಿತು. ಅವರು ತಲೆ ಎತ್ತಲಿಲ್ಲ.

ಆಮೇಲೆ ಯಜಮಾನರು ದನಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇಷ್ಟ ಸಾಕಲ್ಲ ಭಾಯಿ. ನಾ ಹೇಳಿದ್ದೂ ಇಷ್ಟೇ. ದೇವರ ಹೆಸರು ದೊಡ್ಡದಾಗಿ ಬರಲಿ ಅಂತ ಹೇಳಿದ್ದೆ. ಮೂಲ್ಯಾಗ ಸಹಿ ಹಾಕಿ ಮುಗಸು."

ಬೋರ್ಡ್ ಬರೆದವನು ಬಲಗಡೆ ಕೆಳಮೂಲೆಯಲ್ಲಿ ಚಿಕ್ಕದಾಗಿ ತನ್ನ ಹೆಸರು, ಅದರ ಮುಂದೆ ಪೇಂಟರ್ ಎಂದು ಬರೆಯುತ್ತಾನೆ. ಅದೊಂದಕ್ಕೆ ಸರಿಯಾಗಿ ಜಾಗವಿತ್ತು. ಭಾಯಿ ಬಹಳ ಹೊತ್ತು ಬಗ್ಗಿ ನಿಂತೇ ಇದ್ದರು. ನಾನು ಟರ್ಪೆಂಟೈನ್ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ, ಅವರಿಗೆ ಕಾಣದಿರಲಿ ಎಂದು. ಕೊನೆಗೆ ಅವರು ಬ್ರಷ್ ಅದ್ದಿ ಬರೆದರು. ಎದ್ದು ನಿಂತು ಯಜಮಾನರನ್ನು ನೋಡಿದರು. ಇಬ್ಬರೂ ಒಳಗೆ ಹೋಗಿ ಕೈ ತೊಳೆದು ಜೊತೆಗೆ ಊಟ ಮಾಡಿದರು, ನಾನು ಮಾಡಿದ ಬದನೆಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡರು.

ಸಂಜೆ ಭಾಯಿಯನ್ನು ಲೋಕಲ್ಲಿಗೆ ಹತ್ತಿಸಿ ಬಂದೆವು. ಬೋರ್ಡ್ ಮೇಲೇರಿತ್ತು. ಅಂಗಡಿಯ ಮುಂದೆ ನಿಂತು ನಾನೇ ಕೇಳಿದೆ, ನನ್ನ ಚಟ ಎಲ್ಲಿ ಬಿಡುತ್ತದೆ: "ಇನ್ನ ಮ್ಯಾಲೆ ಮಂದಿ ನಿಮಗ ಏನಂತ ಕರೀಬೇಕ್ರಿ?"

"ಏನರ ಕರೀಲಿ," ಎಂದರು. ಅವರು ನೋಡುತ್ತಿದ್ದದ್ದು ಕೆಳಮೂಲೆಯನ್ನು. "ಪೇಂಟರ್ ಅಂತ ಬರಿಯೋವಾಗ ಅವನ ಕೈ ನಡುಗಲಿಲ್ಲ, ನೋಡಿದಿಲ್ಲ?"